ಎಡಗಡೆ ಸೀಟಿನ ತೂಕ

ಅರವತ್ತು ದಾಟಿದ ಗಂಡಸರನ್ನು ಒಂದೋ ವೇದಾಂತ ಹಿಡಿಯಬೇಕು, ಇಲ್ಲವೇ ಮಂಡಿನೋವು ಹಿಡಿಯಬೇಕು. ನಮ್ಮವರನ್ನು ಹಿಡಿದದ್ದು ಕಾರು. ಅದೂ ಸಂಸಾರಸ್ಥರು ಕೂರುವಂಥ ಕಾರಲ್ಲ. ಇಬ್ಬರಿಗೆ ಮಾತ್ರ ಜಾಗವಿರುವ, ಹೊಟ್ಟೆ ನೆಲಕ್ಕೆ ತಾಗುವ, ತಲೆಯ ಮೇಲೆ ಕ್ಯಾನ್ವಾಸ್ ಬಟ್ಟೆ ಹೊದ್ದ ಕೆಂಪು ಸ್ಪೋರ್ಟ್ಸ್ ಕಾರು. ಯುದ್ಧಕ್ಕೆ ಮೊದಲು ವಿಲಾಯಿತಿಯಿಂದ ಬಂದದ್ದು. ಅರಮನೆಯ ಕಚೇರಿಯಲ್ಲಿ ಕೂತು ಜೀವಮಾನವೆಲ್ಲ ಬೇರೆಯವರ ಕಾರುಗಳಿಗೆ ಪೆಟ್ರೋಲ್ ಚೀಟಿ ಬರೆದುಕೊಟ್ಟು ನಿವೃತ್ತರಾದ ಮನುಷ್ಯ, ಯಾರೋ ಅರಸು ಮನೆತನದ ಹುಡುಗ ಮಾರುತ್ತಾನೆಂದು ಕೇಳಿ, ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಹೊಡೆದುಕೊಂಡು ಬಂದುಬಿಟ್ಟರು. (ನನಗೆ ತಂದುಕೊಡುವ ಕಾಫಿಯಲ್ಲಿ ಅರ್ಧವನ್ನು ಲೋಟದಿಂದ ಬಟ್ಟಲಿಗೇ ಚೆಲ್ಲುವವರು, ಕಾರು ಹೊಡೆಯುತ್ತಾರಂತೆ!)

ಅವರು ಕಾರು ತಂದದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ನಿಲ್ಲಿಸಿದ ಜಾಗಕ್ಕೆ ಸಿಟ್ಟು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಕೃಷ್ಣಮೂರ್ತಿಪುರದ ನಮ್ಮ ಮನೆಯ ಹಿತ್ತಲಲ್ಲಿ ನಾನೊಂದು ಶೆಡ್ಡು ಕಟ್ಟಿಸಿದ್ದೆ. ನನ್ನ ಪುಸ್ತಕ, ಪ್ರಿಸಮ್ಮು, ತಕ್ಕಡಿ, ಒಂದು ಮೇಜು, ಒಂದು ಕುರ್ಚಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ. ಹೆಂಗಸಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಕಿಲ್ಲ. ಆ ಸ್ವರ್ಗಕ್ಕೆ ಕಾರು ನುಗ್ಗಿತು. ನನ್ನ ಪುಸ್ತಕಗಳು ಉಗ್ರಾಣಕ್ಕೆ ಹೋಗಿ ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಕೂತವು. ಬೆಳಕಿನ ವಕ್ರೀಭವನ ಓದಲು ತೆಗೆದರೆ ಇಂಗಿನ ವಾಸನೆ.

ಮೊದಲ ಸವಾರಿಗೆ ನನ್ನನ್ನೇ ಕರೆದರು. ನಂಜನಗೂಡು ರಸ್ತೆ ಹಿಡಿದೆವು. ವೇಗದ ಮುಳ್ಳು ಮೂವತ್ತೈದು ಮೈಲಿಗೆ ಬರುವುದೇ ತಡ, ಸ್ಟಿಯರಿಂಗ್ ಚಕ್ರ ಚಳಿಜ್ವರ ಬಂದವರ ಹಾಗೆ ನಡುಗಲು ಶುರುವಾಯಿತು. ನಾನೇನು ಗೊಂಬೆಯ ಹಾಗೆ ಕೂತಿರಲಿಲ್ಲ. ತಿಳಿದವರು ತಿಳಿಸಬೇಕು.

"ರೀ, ಎಮ್ಮೆ ಕಾಣಿಸ್ತಾ ಇಲ್ವಾ? ಎಡಕ್ಕೆ ಹೋಗಿ. ಅಷ್ಟು ಎಡಕ್ಕಲ್ಲ! ಗೇರು ಬದಲಾಯಿಸಿ. ಚಕ್ರ ಯಾಕೆ ಹಾಗೆ ನಡುಗುತ್ತೆ?"

"ಗೊತ್ತಿಲ್ಲ ಕಣೇ."

"ನಿಮಗೆ ಏನು ಗೊತ್ತಿದೆ?"

ಚಕ್ರ ಇನ್ನೂ ಜೋರಾಗಿ ನಡುಗಿತು.

ಮನೆಗೆ ಬಂದು, ನಮ್ಮ ಜೊತೆಯಲ್ಲೇ ಇರುವ ಅವರ ಅಕ್ಕ ಗಿರಿಜಾಂಬಾರನ್ನು ಸಾಕ್ಷಿಗೆ ಕೂರಿಸಿಕೊಂಡು ಕರಾರು ಹಾಕಿದೆ. "ನಡುಕಕ್ಕೆ ಕಾರಣ ಏನು ಅಂತ ನಾನು ಕಂಡುಹಿಡಿದುಕೊಡ್ತೀನಿ. ದೋಷ ಕಾರಿನದಾದರೆ ಕಾರು ಹೊರಗೆ ಹೋಗಬೇಕು, ಶೆಡ್ಡು ನನ್ನದಾಗಬೇಕು. ಕಾರಿನದಲ್ಲ ಅಂತಾದರೆ ಕಾರು ಅಲ್ಲೇ ಇರಲಿ. ಅದರ ವಿಷಯಕ್ಕೆ ನಾನು ಮತ್ತೆ ಬಾಯಿ ತೆಗೆಯೋದಿಲ್ಲ."

ನಮ್ಮವರು ಅಕ್ಕನ ಮುಖ ನೋಡಿದರು. ಅಕ್ಕ, "ಒಪ್ಪಿಕೊಂಡುಬಿಡೋ. ಹೇಗಾದರೂ ನಿನಗೆ ಲಾಭವೇ" ಎಂದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ವಿಜ್ಞಾನದಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಗ್ಯಾರೇಜಿನ ಗೌಸ್ ಸಾಹೇಬರಿಗೆ ಇದನ್ನು ವಿವರಿಸಿದೆ. ಅವರು ಮೊದಲು ಮುಂದಿನ ಗಾಲಿಯ ತೂಕ ಸುತ್ತಲೂ ಒಂದೇ ಸಮ ಇಲ್ಲವೆಂದು ಅಂಚಿಗೆ ಸೀಸದ ತುಂಡು ಸಿಕ್ಕಿಸಿದರು. ನಡುಕ ಹೋಗಲಿಲ್ಲ. ನಿಂತೂ ನಿಂತೂ ಟೈರು ಒಂದು ಕಡೆ ಚಪ್ಪಟೆಯಾಗಿದೆಯೆಂದು ಮುಂದಿನವನ್ನು ಹಿಂದಕ್ಕೆ ಹಾಕಿದರು. ಹೋಗಲಿಲ್ಲ. ಮುಂದಿನ ಗಾಲಿ ತಿರುಗುವ ಕಿಂಗ್‌ಪಿನ್ನಿನ ಬುಶ್ ಸವೆದಿದೆಯೆಂದು ಮದರಾಸಿನಿಂದ ತರಿಸಿ ಬದಲಾಯಿಸಿದರು. ಅದಕ್ಕೂ ಹೋಗಲಿಲ್ಲ. ವಿಚಿತ್ರವೆಂದರೆ, ಪ್ರತಿ ಸಲವೂ ಗೌಸ್ ಸಾಹೇಬರು ತಾವೇ ಓಡಿಸಿ ನೋಡಿ, "ಮಕ್ಕನ್ ಹಂಗೆ ಹೋಗ್ತದೆ ಅಮ್ಮಾವ್ರೇ, ಮಕ್ಕನ್!" ಎನ್ನುವರು. ನಮ್ಮವರು ಒಬ್ಬರೇ ಹೋದಾಗಲೂ ಬೆಣ್ಣೆಯೇ. ಗಿರಿಜಾಂಬಾರನ್ನು ಕೂರಿಸಿಕೊಂಡು ಹೋದರು. ಅವರು ಅರ್ಧ ದಾರಿಯಲ್ಲಿ ನಿದ್ದೆ ಹೋದರಂತೆ. ನಾನು ಕೂತೆನೋ, ಜ್ವರ.

"ಭಾರ ಇರಬಹುದೇನೋ" ಎಂದರು ನಮ್ಮವರು, ಗೋಡೆಯನ್ನು ನೋಡುತ್ತ.

ಅವಮಾನವೆಂದು ಎದ್ದುಹೋಗುವ ಹೆಂಗಸು ನಾನಲ್ಲ. ಅಕ್ಕ ಕಡ್ಡಿ, ನಾನು ಕಂಬ. ಎಡಗಡೆಯ ಭಾರಕ್ಕೆ ಮುಂದಿನ ಅಚ್ಚು ವಾಲುತ್ತಿರಬಹುದು. ಹಾಗಿದ್ದರೆ ದೋಷ ಕಾರಿನದೇ, ಶೆಡ್ಡು ನನ್ನದೇ. ನನ್ನಷ್ಟೇ ತೂಕದ ಒಂದು ಮೂಟೆಯನ್ನು ಆ ಸೀಟಿನಲ್ಲಿ ಕೂರಿಸಿ ಓಡಿಸಿದರೆ ತೀರ್ಮಾನವಾಗಿಹೋಗುತ್ತದೆ.

ಮನುಷ್ಯರನ್ನೂ ಮೂಟೆಯನ್ನೂ ಸರಿತೂಗುವ ತಕ್ಕಡಿ ಇದ್ದದ್ದು ಸಂತೇಪೇಟೆಯ ಜವರಯ್ಯನ ಅಕ್ಕಿ ಮಂಡಿಯಲ್ಲಿ. ಒಂದು ಹಲಗೆಯ ಮೇಲೆ ನಾನು ಕೂತೆ. ಇನ್ನೊಂದಕ್ಕೆ ಅಕ್ಕಿ ಸುರಿಯತೊಡಗಿದರು. ಸುರಿದರು, ಸುರಿದರು. ಜನ ಸೇರಿದರು. ಹಿರಿಯ ಮುತ್ತೈದೆಯೊಬ್ಬಳನ್ನು ಅಕ್ಕಿಗೆ ತೂಗುತ್ತಿದ್ದರೆ ಮೈಸೂರಿನವರಿಗೆ ಅದು ಪ್ರಯೋಗವೆಂದು ಹೊಳೆಯುತ್ತದೆಯೇ? ಟೋಪಿಗಳು ಇಳಿದವು, ಕೈಗಳು ಮುಗಿದವು. ಸೊಪ್ಪು ಮಾರುವ ಪುಟ್ಟಬಸಮ್ಮ ಎಂಬ ಮುದುಕಿ ಮುಂದೆ ಬಂದು, "ಏನ್ ಅರಕೆ ಕಣವ್ವ?" ಎಂದು ಕೇಳಿದಳು.

"ಹರಕೆ ಇಲ್ಲ, ಏನೂ ಇಲ್ಲ. ಕಾರು ನಡುಗುತ್ತೆ" ಎಂದೆ.

"ಕಾರಾದ್ರೇನು, ಕಾಲಾದ್ರೇನು? ನಂಜುಂಡಪ್ಪ ವಾಸಿ ಮಾಡ್ತಾನೆ ಬುಡವ್ವ" ಎಂದು ತನ್ನ ಮುಡಿಯ ಹೂವನ್ನು ಕಿತ್ತು ಅಕ್ಕಿಯ ಮೇಲಿಟ್ಟಳು. ಜವರಯ್ಯ ತಾನೂ ಒಂದು ಕಾಯಿ ಒಡೆದ.

ಮೂಟೆ ಮನೆಗೆ ಬಂದಾಗ ಗಿರಿಜಾಂಬಾ ಬಾಗಿಲಿಗೆ ಅಡ್ಡ ನಿಂತರು. "ತೂಗಿ, ಹೂವಿಟ್ಟು, ಕಾಯಿ ಒಡೆದ ಮೇಲೆ ಅದು ತುಲಾಭಾರ ಕಣೇ ಭಾನು. ದೇವರ ಅಕ್ಕಿ. ಹೊಸಿಲು ದಾಟಕೂಡದು. ನಂಜನಗೂಡಿಗೆ ಸಲ್ಲಿಸಿಬನ್ನಿ."

"ಅಕ್ಕಾ, ಇದು ಭೌತಶಾಸ್ತ್ರ."

"ಏನಾದರೂ ಆಗಿರಲಿ. ನಾನು ಬೇಯಿಸೋದಿಲ್ಲ."

ಒಳ್ಳೆಯದೇ ಆಯಿತು. ಅದೇ ರಸ್ತೆ, ಅದೇ ಕಾರು, ಅದೇ ತೂಕ. ಮರುದಿನ ಬೆಳಿಗ್ಗೆ ಮೂಟೆ ಎಡಗಡೆ ಸೀಟಿನಲ್ಲಿ ಕೂತು, ಮೇಲೊಂದು ಪಂಚೆ ಹೊದ್ದು, ಮಹಾರಾಣಿಯ ಹಾಗೆ ಹೊರಟಿತು. ನಾನು ರೈಲಿನಲ್ಲಿ ಹೋದೆ. ಮೂರನೆಯ ದರ್ಜೆ. ಪಕ್ಕದಲ್ಲಿ ಕೋಳಿ ಬುಟ್ಟಿ.

ಗುಡಿಯ ಮುಂದೆ ನಮ್ಮವರು ಕಾಯುತ್ತಿದ್ದರು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಕಳೆ ನೋಡಿರಲಿಲ್ಲ. "ನಲವತ್ತೈದರ ತನಕ ಓಡಿಸಿದೆ ಭಾನು! ಅಲ್ಲಾಡಲೇ ಇಲ್ಲ!" (ಸುಳ್ಳು ಹೇಳಲು ಬೇಕಾದ ಕಲ್ಪನಾಶಕ್ತಿ ಅವರಿಗಿಲ್ಲವಾದ್ದರಿಂದ ನಂಬಿದೆ.)

ಅಕ್ಕಿ ದೇವರಿಗೆ ಸಂದಿತು. ಸೀಟು ನನಗೆ ಸಂದಿತು. ಊರು ದಾಟಿ ಮುಳ್ಳು ಮೂವತ್ತೈದಕ್ಕೆ ಬಂತು. "ರೀ, ಮುಂದೆ ಗಾಡಿ ಇದೆ, ನೋಡಿ" ಎಂದೆ. ಚಕ್ರ ಗಡಗಡ.

"ನಿಲ್ಲಿಸಿ." ನಿಲ್ಲಿಸಿದರು. "ತೂಕ ಒಂದೇ. ಹಾಗಾದರೆ ಅಕ್ಕಿಗೂ ನನಗೂ ಏನು ವ್ಯತ್ಯಾಸ?"

ಅವರು ಗಾಜಿನ ಮೇಲೆ ಸತ್ತ ಹುಳುವೊಂದನ್ನು ಉಗುರಿನಿಂದ ಕೆರೆಯತೊಡಗಿದರು.

"ಹೇಳಿ."

"ಬೇಡ ಬಿಡು."

"ವಿಜ್ಞಾನದಲ್ಲಿ ಬೇಡ ಬಿಡು ಅನ್ನೋ ಉತ್ತರ ಇಲ್ಲ."

"ಅಕ್ಕಿ ಮಾತಾಡಲಿಲ್ಲ, ಭಾನು."

ರಸ್ತೆಯ ಮೇಲೆ ಒಂದು ಕತ್ತೆ ನಮ್ಮನ್ನೇ ನೋಡುತ್ತ ನಿಂತಿತ್ತು. ನನಗೆ ಹೇಳಬೇಕಾದದ್ದು ಬಹಳವಿತ್ತು. ಆದರೆ ಪರೀಕ್ಷೆಗೆ ಉಳಿದಿದ್ದ ಕಾರಣ ಅದೊಂದೇ. ಅದನ್ನು ಪರೀಕ್ಷಿಸದೆ ತಳ್ಳಿಹಾಕಿದರೆ ನಾನು ಕಲಿಸಿದ್ದೆಲ್ಲ ಸುಳ್ಳಾಗುತ್ತದೆ. "ಹೊರಡಿ" ಎಂದೆ. ಬಾಯಿ ಮುಚ್ಚಿದೆ.

ಮೂವತ್ತೈದು. ನಲವತ್ತು. ಕಡಕೊಳದ ಹತ್ತಿರ ಹುಲ್ಲಿನ ಬಂಡಿಯೊಂದು ಅಡ್ಡಬಂತು. ನನ್ನ ನಾಲಿಗೆ ಹಲ್ಲಿನವರೆಗೂ ಬಂತು, ಕಚ್ಚಿ ಹಿಡಿದೆ. ಅವರು ಎರಡೇ ಬೆರಳಿನಲ್ಲಿ ಚಕ್ರ ತಿರುಗಿಸಿ ಬಂಡಿಯನ್ನು ದಾಟಿದರು. ಗಾಳಿಯಿಲ್ಲದಾಗ ದೀಪದ ಕುಡಿ ನಿಲ್ಲುವಂತೆ ಚಕ್ರ ಅಲುಗದೆ ನಿಂತಿತ್ತು. ನಾನು ಚಕ್ರದಿಂದ ಕಣ್ಣು ತೆಗೆದು ಅದನ್ನು ಹಿಡಿದ ಕೈಗಳನ್ನು ನೋಡಿದೆ. ಬಟ್ಟಲಿಗೆ ಕಾಫಿ ಚೆಲ್ಲುತ್ತಿದ್ದ ಕೈಗಳು. ಆ ಕೈನಡುಕ ವಾತದ್ದು ಎಂದು ನಾನೇ ಅವರಿಗೆ ವರ್ಷಗಟ್ಟಲೆ ಕಷಾಯ ಕುಡಿಸಿದ್ದೆ.

ಮನೆಯ ಮುಂದೆ ಗಿರಿಜಾಂಬಾ ನಿಂತಿದ್ದರು. "ಏನಾಯಿತು? ದೋಷ ಕಾರಿನದೇನಾ?"

ನಮ್ಮವರು ನನ್ನ ಕಡೆ ನೋಡಿದರು. ಕರಾರಿನ ಪ್ರಕಾರ ಆ ಕಾರಿನ ವಿಷಯಕ್ಕೆ ನಾನು ಬಾಯಿ ತೆಗೆಯುವಂತಿರಲಿಲ್ಲ.

ಶೆಡ್ಡು ಕಾರಿನದಾಯಿತು. ನಾನು ಉಗ್ರಾಣದಲ್ಲಿ ಕೂತು ಓದುತ್ತೇನೆ. ಭಾನುವಾರಗಳಲ್ಲಿ ಅವರು ಸವಾರಿಗೆ ಕರೆಯುತ್ತಾರೆ, ಮರ್ಯಾದೆಗೆ. ನಾನು ಹೋಗುವುದಿಲ್ಲ. ನನ್ನ ತೂಕಕ್ಕೆ ಕಾರು ಒಗ್ಗಿಹೋಗಿದೆಯೆಂದು ಹೇಳಿ, ಅಷ್ಟೇ ತೂಕದ ಒಂದು ಮರಳಿನ ಮೂಟೆ ಕಟ್ಟಿಸಿ ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡಿದ್ದಾರೆ. ಮೊನ್ನೆ ಉಗ್ರಾಣದ ಕಿಟಕಿಯಿಂದ ನೋಡಿದೆ. ಕಾರು ಗೇಟು ದಾಟುತ್ತಿತ್ತು. ಅವರು ಮೂಟೆಯ ಕಡೆ ವಾಲಿ, ಅದಕ್ಕೆ ಏನೋ ಹೇಳಿ, ನಗುತ್ತಿದ್ದರು.