ಮೈಕಣ್ಣನ ಎರಡು ಮಾತು

ಆದ ಅನಾಹುತಕ್ಕೆಲ್ಲ ಮೈಕಣ್ಣನ ನಾಲಿಗೆಯೇ ಕಾರಣ. ಅದಕ್ಕೆ "ಆಗಲ್ಲ" ಎಂಬ ಒಂದು ಮಾತು ಹೊರಳುತ್ತಿರಲಿಲ್ಲ. ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಲೇ ಅವನ ತಲೆ ನರೆತಿತ್ತು. ಊರಿನವರ ಭಾಷಣಗಳನ್ನೆಲ್ಲ ಆಂಪ್ಲಿಫೈಯರಿನ ಪಕ್ಕ ಕೂತು ಭಕ್ತಿಯಿಂದ ಕೇಳಿದ್ದ. ಕೇಳುವುದರಿಂದ ಪುಣ್ಯ ಬರುವುದಾದರೆ ಸ್ವರ್ಗದ ಮುಂದಿನ ಸಾಲಿನಲ್ಲಿ ಅವನಿಗೊಂದು ಕುರ್ಚಿ ಕಾದಿರಬೇಕು. ಅವನು ಮಾತ್ರ ಮೈಕಿನಲ್ಲಿ "ಹಲೋ, ಒಂದು, ಎರಡು, ಮೂರು" ಬಿಟ್ಟು ಬೇರೆ ಮಾತಾಡಿದವನಲ್ಲ.

ಆ ದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು: ನಾಳೆಯಿಂದ ಬೀದಿಗಳಲ್ಲಿ ಧ್ವನಿವರ್ಧಕ ನಿಷೇಧ. ಓದುತ್ತ ಓದುತ್ತ ಅವನ ಕಿವಿ ಕೆಂಪಾಯಿತು. ಪತ್ರಿಕೆ ಮಡಚುವಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು.

"ಸರ್ಕಾರ ಒಳ್ಳೇ ಕೆಲಸ ಮಾಡ್ತು ಕಣಪ್ಪ. ಇನ್ನಾದ್ರೂ ಮನುಷ್ಯರು ನಿದ್ದೆ ಮಾಡಬಹುದು. ಮಧ್ಯಾಹ್ನ ವೃತ್ತದಲ್ಲಿ ಅಭಿನಂದನಾ ಸಭೆ ಇದೆ. ಮೈಕ್ ಹಾಕು."

"ಮೈಕ್ ಬೇಡ ಅನ್ನೋ ಸಭೆಗೆ ಮೈಕ್ ಯಾಕೆ ಮೇಷ್ಟ್ರೇ?"

"ಇಲ್ದಿದ್ರೆ ಯಾರಿಗೆ ಕೇಳಿಸುತ್ತೆ?"

ಅವರ ಹಿಂದೆಯೇ ಮೂಲೆಯಂಗಡಿಯ ದರ್ಜಿ, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡು ಬುಸುಗುಟ್ಟುತ್ತ ಬಂದ. "ಜನರ ಬಾಯಿ ಹೊಲೀತಿದಾರಣ್ಣ. ಅದೇ ವೃತ್ತದಲ್ಲಿ, ಅದೇ ಹೊತ್ತಿಗೆ ನಮ್ಮ ಪ್ರತಿಭಟನೆ. ಮೈಕ್ ನಿಂದೇ."

ಮೈಕಣ್ಣ ಇಬ್ಬರಿಗೂ "ಆಯ್ತು" ಎಂದ. ಆಮೇಲೆ ಧೈರ್ಯ ಮಾಡಿ, "ನನಗೂ ಎರಡು ಮಾತಾಡೋದಿತ್ತು" ಎಂದ.

"ಕೊನೇಲಿ ನಿಂದೇ" ಎಂದು ಇಬ್ಬರೂ ಹೊರಟುಹೋದರು.

ಒಳಗಿನಿಂದ ಹೆಂಡತಿ ಬಂದಳು. "ನಾಳೆಯಿಂದ ಒಲೆ ಮೇಲೆ ಏನಿಡ್ಲಿ, ಇವರ ಭಾಷಣಾನಾ? ಕಂಡೋರಿಗೆಲ್ಲ ಬಾಯಿ ಕೊಟ್ರಿ. ಇವತ್ತು ನಿಮ್ಮ ಬಾಯಿ ತೆರೀದೆ ಈ ಮನೆ ಮೆಟ್ಟಿಲು ಹತ್ತಬೇಡಿ."

ಮಧ್ಯಾಹ್ನ ವೃತ್ತದಲ್ಲಿ ಇದ್ದದ್ದು ಒಂದೇ ಆಂಪ್ಲಿಫೈಯರ್, ದೀಪದ ಕಂಬಕ್ಕೆ ಕಟ್ಟಿದ ಒಂದೇ ಹಾರ್ನು. ಮೈಕುಗಳು ಮಾತ್ರ ಎರಡು. ಒಬ್ಬರಾದ ಮೇಲೊಬ್ಬರು ಮಾತಾಡಿ ಎಂದು ಮೈಕಣ್ಣ ಅಂಗಲಾಚಿದ. ಎರಡನೆಯವರಾಗಲು ಯಾರೂ ಒಪ್ಪಲಿಲ್ಲ. ಇಬ್ಬರೂ ಒಟ್ಟಿಗೇ ಶುರುಮಾಡಿದರು. ಹಾರ್ನಿಗೇನು ಗೊತ್ತು, ಬಂದದ್ದನ್ನೆಲ್ಲ ಕಲಸಿ ಹೊರಗೆ ಸುರಿಯಿತು.

"ನಮ್ಮ ಶಾಂತಿ ಕಾಪಾಡಿದ ಈ ಸರ್ಕಾರಕ್ಕೆ…"

"…ಧಿಕ್ಕಾರ."

"ಈ ಆದೇಶ ಹೊರಡಿಸಿದ ಮಹನೀಯರು…"

"…ಕಟುಕರು."

ಜನ ಎಲ್ಲದಕ್ಕೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ದರ್ಜಿಯ ಮೈಕಿನ ವೈರು ಎಳೆದರು. ದರ್ಜಿ ಮೇಷ್ಟ್ರ ಕನ್ನಡಕಕ್ಕೇ ಕೈ ಹಾಕಿದ. "ಅವನ ದನಿ ತಗ್ಗಿಸೋ" ಎಂದರು ಮೇಷ್ಟ್ರು ಮೈಕಣ್ಣನಿಗೆ. "ನೀನೂ ಸರ್ಕಾರದ ಕಡೆಯವನೇನಣ್ಣ?" ಎಂದ ದರ್ಜಿ. ಕೊನೆಗೆ ಇಬ್ಬರೂ ಸೇರಿ ಬೈದದ್ದು ಮೈಕಣ್ಣನನ್ನೇ.

ಮೈಕಣ್ಣನೊಳಗೆ ಬೆಳಿಗ್ಗೆಯಿಂದ ಕುದಿಯುತ್ತಿದ್ದದ್ದು ಮುಚ್ಚಳ ಹಾರಿಸಿತು. ಎರಡೂ ಮೈಕು ಕಿತ್ತುಕೊಂಡ. ವೃತ್ತ ತಣ್ಣಗಾಯಿತು. "ಮಹಾಜನರೇ" ಎಂದ.

ಅಷ್ಟರಲ್ಲಿ ಸರ್ಕಾರಿ ಜೀಪು ಬಂದು ನಿಂತಿತು. ಮೇಷ್ಟ್ರು ಔಷಧಿ ಅಂಗಡಿಯೊಳಗೆ ಹೊಕ್ಕರು, ದರ್ಜಿ ಗುಂಪಿನಲ್ಲಿ ಕರಗಿದ. ಅಧಿಕಾರಿ ಇಳಿದು ಹಾರ್ನನ್ನೂ ಮೈಕಣ್ಣನನ್ನೂ ನೋಡಿದರು.

"ಮಾತಾಡ್ಬೇಕು ಅಂತಿದ್ಯಾ?"

"ಹೌದು ಸ್ವಾಮಿ." ಅಷ್ಟು ಗಟ್ಟಿಯಾಗಿ ಅವನು ಹಿಂದೆಂದೂ ಹೌದು ಎಂದಿರಲಿಲ್ಲ.

"ಒಳ್ಳೇದಾಯ್ತು. ಆಟೋ ತರಿಸು. ನಿಷೇಧದ ವಿಷಯ ಇವತ್ತೇ ಊರಿಗೆಲ್ಲ ಸಾರಬೇಕು, ಹಾರ್ನಿರೋದು ನಿನ್ನ ಹತ್ರ ಮಾತ್ರ. ಸಾರಿ ಮುಗಿಸಿ ಸೆಟ್ಟನ್ನ ಆಫೀಸಿಗೆ ಒಪ್ಪಿಸು." ಆದೇಶದ ಹಾಳೆ ಅವನ ಕೈಗೆ ಬಂತು.

"ಆಗಲ್ಲ" ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ನಾಲಿಗೆ "ಆಯ್ತು" ಎಂದಿತು.

ಹಾರ್ನು ಆಟೋದ ಮೇಲೇರಿತು, ಅಧಿಕಾರಿ ಪಕ್ಕದಲ್ಲಿ ಕೂತರು. ಬೀದಿ ಬೀದಿಯಲ್ಲೂ ಮೈಕಣ್ಣ ತನ್ನ ಅನ್ನಕ್ಕೆ ಮಣ್ಣು ಹಾಕುವ ಆದೇಶವನ್ನು ತಾನೇ ಪದ್ಯ ಓದುವವನಂತೆ ಪದಪದಕ್ಕೂ ಒತ್ತು ಕೊಟ್ಟು, ಹಲ್ಲು ಕಡಿಯುತ್ತ ಓದಿದ. "ತಪ್ಪಿದಲ್ಲಿ ಕಠಿಣ ಕ್ರಮ" ಎಂದು ಅವನು ಗುಡುಗಿದಾಗ ನಾಯಿಗಳು ಬಾಲ ಮುದುರಿ ಮೋರಿ ಹಾರಿದವು.

"ಎಂಥ ನಿಷ್ಠೆ ನೋಡ್ರಿ" ಎಂದರು ಮೇಷ್ಟ್ರು.

"ಎಂಥ ವ್ಯಂಗ್ಯ ನೋಡ್ರಿ" ಎಂದ ದರ್ಜಿ.

ಕೊನೆಗೆ ಉಳಿದದ್ದು ಅವನದೇ ಬೀದಿ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. ಮೈಕಣ್ಣ ಹಾಳೆ ಮಡಚಿದ. "ಇದು ಸರ್ಕಾರದ ಮಾತಾಯ್ತು. ಇನ್ನು ನನ್ನದು…"

ಪಕ್ಕದಲ್ಲಿ ಕೂತಿದ್ದ ಅಧಿಕಾರಿ ವೈರು ಕಿತ್ತರು. "ಆದೇಶ ಅಷ್ಟೇ."

ಮೈಕಣ್ಣ ನಿಲ್ಲಿಸಲಿಲ್ಲ. ಮೈಕು ಸೀಟಿನ ಮೇಲೆ ಎಸೆದು ಬೀದಿಗಿಳಿದು ಬರಿಗಂಟಲಲ್ಲೇ ಕೂಗಿದ. "ನನ್ನ ಕಸುಬು ಕಿತ್ಕೊಳ್ಳೋಕೆ ನನ್ನ ದನೀನೇ ಬೇಕಾಯ್ತಾ? ಹೊಗಳೋರೂ ಬೈಯೋರೂ ನನ್ನ ಹಾರ್ನಲ್ಲೇ ಕಿರುಚಿದ್ರಿ. ನಾಳೆ ನೀನೇನು ತಿಂತೀಯ ಅಂತ ಒಬ್ರಾದ್ರೂ ಕೇಳಿದ್ರಾ?"

ಮನೆಮನೆಯಿಂದ ಜನ ಹೊರಬಂದರು. ಬಂದವರೆಲ್ಲ ಮುಖವೆತ್ತಿ ಆಟೋದ ಮೇಲಿನ ಹಾರ್ನನ್ನೇ ನೋಡುತ್ತ ನಿಂತರು. ಹಾರ್ನು ಉಸಿರೆತ್ತಲಿಲ್ಲ.

ಮೇಷ್ಟ್ರು ದರ್ಜಿಯ ಮುಖ ನೋಡಿದರು. ಆ ದಿನ ಮೊದಲ ಬಾರಿಗೆ ಇಬ್ಬರ ಅಭಿಪ್ರಾಯವೂ ಒಂದಾಯಿತು.

"ಏನೂ ಕೇಳಿಸ್ತಿಲ್ಲ. ಮೊದಲು ಮೈಕ್ ಸರಿಮಾಡಪ್ಪ."

ಮೈಕಣ್ಣನ ಕೈ ತಾನಾಗಿಯೇ ಸೀಟಿನ ಕಡೆ ಹೋಯಿತು. ಮೈಕು ಎತ್ತಿ ಬೆರಳಿನಿಂದ ತಟ್ಟಿದ.

"ಹಲೋ" ಎಂದ. "ಒಂದು, ಎರಡು, ಮೂರು."

ಹೆಂಡತಿ ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿದ ಸದ್ದು ಮಾತ್ರ, ಮೈಕಿಲ್ಲದೆಯೂ, ಇಡೀ ಬೀದಿಗೆ ಕೇಳಿಸಿತು.