ಹಿಮ್ಮುಖವಾಗಿ ಹೊರಟ ಹೆಂಡತಿ

ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋದಳೆಂದು ನಮ್ಮ ಬೀದಿಯಲ್ಲಿ ಸುದ್ದಿಯಿದೆ. ಸೋಮವಾರ ಬೆಳಗ್ಗೆ ಚೀಲ ಹಿಡಿದು, ತಾಯಿಯನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟಳಂತೆ. ನಾನು ಎರಡೂ ಕೈ ಮೇಲೆತ್ತಿ, ಮುಖ ಹುಳ್ಳಗೆ ಮಾಡಿಕೊಂಡು, ಬೇಡ ಬೇಡವೆಂದು ಗೋಗರೆಯುತ್ತಾ ಕಾರಿನ ಜೊತೆಗೇ ಬೀದಿಯ ಕೊನೆಯವರೆಗೆ ಓಡಿದೆನಂತೆ. ಎದುರು ಮನೆಗಳ ಮಹಡಿಯಿಂದ ಇದನ್ನು ಕಂಡವರು ಒಬ್ಬಿಬ್ಬರಲ್ಲ. ಅವರು ಕಂಡದ್ದಷ್ಟೂ ನಿಜ, ಕಟ್ಟಿದ ಅರ್ಥ ಮಾತ್ರ ತಪ್ಪು. ಬಿಟ್ಟು ಹೋಗುವ ಹೆಂಡತಿ ಗಂಡನಿಗೆ ಬೆನ್ನು ತೋರಿಸಿ ಹೋಗುತ್ತಾಳೆ. ನನ್ನವಳು ಕನ್ನಡಿ ನೋಡಿ ಉಳಿದ ಹೊತ್ತನ್ನೆಲ್ಲ ನನ್ನ ಮುಖವನ್ನು ದಿಟ್ಟಿಸುವುದಕ್ಕೇ ಮೀಸಲಿಟ್ಟಿದ್ದಳು. ಅವಳಿಗೂ ಬೇರೆ ಉಪಾಯವಿರಲಿಲ್ಲ. ಅಂದು ನಮ್ಮ ಕಾರು ಹಿಂದಕ್ಕೆ ಮಾತ್ರ ಚಲಿಸುತ್ತಿತ್ತು.

ಅದನ್ನು ಆ ಸ್ಥಿತಿಗೆ ತಂದವನು ನಾನು. ಹೇಗೆಂಬುದನ್ನು, ಬೀದಿಯವರು ಇನ್ನಷ್ಟು ಕಲ್ಪಿಸಿಕೊಳ್ಳುವ ಮೊದಲು, ನಾನೇ ಹೇಳಿಬಿಡುವುದು ಕ್ಷೇಮ.

ನಾನು ಕರಡು ತಿದ್ದುವವನು. ಮನೆಯಲ್ಲೇ ಕುಳಿತು ಪಠ್ಯಪುಸ್ತಕಗಳ ತಪ್ಪು ಹುಡುಕುವುದು ನನ್ನ ವೃತ್ತಿ; ಊಟವಾದ ಮೇಲೆ ಅದೇ ಹಾಳೆಗಳ ಮೇಲೆ ಕೆನ್ನೆಯಿಟ್ಟು ಸಂಜೆಯವರೆಗೆ ನಿದ್ರಿಸುವುದು ನನ್ನ ಪ್ರವೃತ್ತಿ. ಇವೆರಡೂ ಪರಸ್ಪರ ಘರ್ಷಿಸದಂತೆ ಕಾಪಾಡುತ್ತಿದ್ದದ್ದು ನಮ್ಮ ಮನೆಯ ಗೇಟು. ಅದನ್ನು ಮುಟ್ಟಿದರೆ ಸಾಕು, ಕತ್ತು ಹಿಸುಕಿದಂತೆ ಕಿರುಚುತ್ತಿತ್ತು. ಬೀದಿಯಲ್ಲಿ ಹತ್ತಾರು ಕಾರು ಓಡಾಡುತ್ತವೆ, ಅವುಗಳ ಸದ್ದಿಗೆ ನನ್ನ ನಿದ್ದೆ ಕದಲದು. ಆದರೆ ಆ ಕಿರುಚು ನಮ್ಮದೊಂದೇ. ಹೆಂಡತಿ ಗೇಟು ತೆರೆದು, ಕಾರನ್ನು ಒಳಗೆ ತಂದು, ಮತ್ತೆ ಮುಚ್ಚಿ ಬಾಗಿಲಿಗೆ ಬರುವಷ್ಟರಲ್ಲಿ ನಾನು ಮುಖ ಒರೆಸಿಕೊಂಡು, ಕೆಂಪು ಪೆನ್ನು ಹಿಡಿದು, ಹುಬ್ಬು ಗಂಟಿಕ್ಕಿ ಕುಳಿತಿರುತ್ತಿದ್ದೆ.

ಅವಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬಹುಕಾಲ ಕಾದ ಬಡ್ತಿ ಕೊನೆಗೂ ಬಂದಿತ್ತು: ಊರಾಚೆ ಜಲಾಶಯದ ಪಕ್ಕದ ಪ್ರಯೋಗಾಲಯಕ್ಕೆ ಮುಖ್ಯಸ್ಥೆ. ಸೋಮವಾರ ಹತ್ತು ಗಂಟೆಯೊಳಗೆ ಅಧಿಕಾರ ವಹಿಸಿಕೊಳ್ಳಬೇಕು. ತಪ್ಪಿದರೆ, ಅಲ್ಲಿ ಹಂಗಾಮಿಯಾಗಿ ಕುಳಿತಿದ್ದ ಸಹೋದ್ಯೋಗಿಯೇ ಮುಂದುವರಿಯುತ್ತಾನೆ. ಆ ಮಹಾನುಭಾವ ಆಗಲೇ ಹೆಸರಿನ ಫಲಕ ಬರೆಸಿ, ಗೋಡೆಗೆ ಮೊಳೆಯನ್ನೂ ಹೊಡೆದು, ತೂಗುಹಾಕುವುದಷ್ಟನ್ನೇ ಬಾಕಿ ಇಟ್ಟಿದ್ದನಂತೆ. ಜಲಾಶಯಕ್ಕೆ ಬಸ್ಸಿಲ್ಲ. ಕಾರೊಂದೇ ಗತಿ. ಆ ಕಾರೋ, ತನ್ನಷ್ಟಕ್ಕೆ ತಾನೇ ಗೇರು ಬದಲಿಸುವ ಜಾತಿಯದು, ಒಂದು ಗೇರಿನಿಂದ ಇನ್ನೊಂದಕ್ಕೆ ಏರುವಾಗಲೆಲ್ಲ ಬಿಕ್ಕಳಿಸತೊಡಗಿತ್ತು.

"ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸ್ಬೇಕಂತೆ. ಗ್ಯಾರೇಜಿನವರಿಗೆ ಫೋನ್ ಮಾಡ್ತೀನಿ, ಬಂದು ತಗೊಂಡು ಹೋಗ್ಲಿ" ಎಂದಳು ಹೆಂಡತಿ.

"ಎಣ್ಣೆ ಬದಲಾಯಿಸೋಕೆ ಗ್ಯಾರೇಜ್ ಯಾಕೆ? ನಾನೇ ಮಾಡ್ತೀನಿ ಬಿಡು."

ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. "ರೀ, ನಿಮಗೆ ಕಾರು ಓಡ್ಸೋಕೇ ಬರಲ್ಲ."

"ಕವಿತೆ ವಿಮರ್ಶೆ ಮಾಡೋನಿಗೆ ಕವಿತೆ ಬರೆಯೋಕೆ ಬರ್ಬೇಕು ಅಂತೇನಿಲ್ಲ."

"ಬಚ್ಚಲುಮನೆ ನಲ್ಲೀನೂ ಹೀಗೇ ವಿಮರ್ಶೆ ಮಾಡಿದ್ರಿ. ಈಗ ಅದರ ಬಾಯಿಗೆ ಬಟ್ಟೆ ಕಟ್ಟಿ, ಕೆಳಗೆ ಬಕೆಟ್ ಇಟ್ಟಿದೀವಿ."

ಒಳಗಿನಿಂದ ಅತ್ತೆಯವರ ದನಿ ಬಂತು. "ಮಾಡ್ಲಿ ಬಿಡೇ. ಕೆಟ್ರೆ ಗ್ಯಾರೇಜಿನವ್ರು ಎಲ್ಲಿಗೂ ಓಡಿ ಹೋಗಲ್ಲ."

(ಇದನ್ನು ನಾನು ಬೆಂಬಲವೆಂದು ತಿಳಿದೆ.)

ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಅವರ ಆಡಳಿತದಲ್ಲಿ ಯಾವ ವಸ್ತುವೂ ನಿರುದ್ಯೋಗಿಯಾಗಿ ಬಿದ್ದಿರುವಂತಿಲ್ಲ. ಹರಿದ ಬನಿಯನ್ನು ಕಿಟಕಿ ಒರೆಸಲು ನೇಮಕಗೊಳ್ಳುತ್ತದೆ, ಮುರಿದ ಛತ್ರಿಯ ಕಡ್ಡಿ ಗಿಡಕ್ಕೆ ಊರುಗೋಲಾಗುತ್ತದೆ, ಖಾಲಿಯಾದ ಬಾಟಲಿ ಮರುಕ್ಷಣವೇ ಇನ್ನಾವುದನ್ನೋ ತುಂಬಿಕೊಂಡು ಕಪಾಟಿನಲ್ಲಿ ನಿಲ್ಲುತ್ತದೆ. "ಈ ಮನೇಲಿ ಸುಮ್ನೆ ಇರೋದು ಅಂದ್ರೆ ಒಬ್ಬರೇ" ಎಂದು ಅವರು ಆಗಾಗ ಹೇಳುವುದುಂಟು. ಯಾರೆಂದು ನಾನು ಕೇಳಿಲ್ಲ.

ಕೈ ಮಸಿ ಮಾಡಿಕೊಳ್ಳುವ ಮೊದಲು ನಾನು ಈ ವಿಷಯದ ಸಮಗ್ರ ಅಧ್ಯಯನ ನಡೆಸಿದೆ. ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ, ಟಿಪ್ಪಣಿ ಮಾಡಿಕೊಂಡೆ, ಟಿಪ್ಪಣಿಗಳ ಕಾಗುಣಿತ ತಿದ್ದಿದೆ. ಸಾರಾಂಶ ಇಷ್ಟೇ: ನಮ್ಮ ಕಾರಿನ ಗೇರ್‌ಬಾಕ್ಸಿಗೆ ಅಳತೆಕಡ್ಡಿ ಇಲ್ಲ, ಒಳಗೆ ಎಣ್ಣೆ ಎಷ್ಟಿದೆಯೆಂದು ಇಣುಕಿ ನೋಡುವ ಹಾಗಿಲ್ಲ. ಆದ್ದರಿಂದ ಮನೆಯಲ್ಲೇ ಈ ಕೆಲಸಕ್ಕಿಳಿಯುವವನಿಗೆ ಒಂದೇ ಸೂತ್ರ. ತೆಗೆದಷ್ಟೇ ತುಂಬಬೇಕು. ಹಳೆಯ ಎಣ್ಣೆಯನ್ನು ಹನಿಯೂ ಚೆಲ್ಲದಂತೆ ಹಿಡಿದು, ಅಳೆದು, ಹೊಸದನ್ನು ಅಷ್ಟೇ ಸುರಿಯಬೇಕು. ಛಂದಸ್ಸಿನ ಮಾತ್ರೆ ಎಣಿಸಿದವನಿಗೆ ಇದೊಂದು ಲೆಕ್ಕವೇ ಎನಿಸಿತು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಕಾರನ್ನು ಜಾಕಿಯಿಂದ ಎತ್ತಿ, ನಾಲ್ಕೂ ಕಡೆ ಗಟ್ಟಿ ಆಧಾರ ಕೊಟ್ಟು, ಬೆನ್ನಿನ ಮೇಲೆ ತೆವಳುತ್ತಾ ಅದರ ಅಡಿಗೆ ಪ್ರವೇಶ ಮಾಡಿದೆ. ಹೆಂಡತಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಟಾರ್ಚು ಹಿಡಿದಳು.

"ಅದು ಎಂಜಿನ್ ಆಯಿಲ್ ಬೋಲ್ಟ್ ಅಲ್ವೇನ್ರಿ?"

"ಗೊತ್ತು. ಇದು ಅದಲ್ಲ ಅಂತ ಖಚಿತ ಮಾಡ್ಕೊಳ್ತಿದ್ದೆ."

"ಬಿಚ್ಚಿ ಖಚಿತ ಮಾಡ್ಕೋಬೇಡಿ."

ಸರಿಯಾದ ಬೋಲ್ಟು ಸಿಕ್ಕಿತು. ಅದು ಸಡಿಲವಾದೊಡನೆ ಮೊದಲ ಧಾರೆ ನನ್ನ ತೋಳಿನೊಳಗೆ ಇಳಿದು, ಕಂಕುಳನ್ನು ತಂಪು ಮಾಡಿತು. ಉಳಿದದ್ದು ಬಟ್ಟೆ ನೆನೆಸುವ ಟಬ್ಬಿಗೆ ಬಿತ್ತು. ಹೊಸದಾಗಿದ್ದಾಗ ಕೆಂಪಗಿದ್ದ ಎಣ್ಣೆ ಈಗ ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು. "ನೋಡು, ಸತ್ವವೆಲ್ಲ ಹೋಗಿದೆ. ಇದು ಇನ್ನು ಯಾವ ಕೆಲಸಕ್ಕೂ ಬರಲ್ಲ" ಎಂದು ಘೋಷಿಸಿದೆ. ಕಿಟಕಿಯ ಬಳಿ ನಿಂತಿದ್ದ ಅತ್ತೆಯವರ ಕಿವಿ ನಿಮಿರಿದ್ದನ್ನು ನಾನು ಗಮನಿಸಬೇಕಿತ್ತು.

ಧಾರೆ ಹನಿಯಾಯಿತು, ಹನಿ ನಿಧಾನವಾಯಿತು. ಬೋಲ್ಟನ್ನು ಬಿಗಿದು, ಹೆಂಡತಿಯ ಜೊತೆ ಒಳಗೆ ಹೋಗಿ ಟೀ ಕುಡಿದೆ. ಕುಡಿಯುತ್ತಾ, ಯಂತ್ರಗಳ ಮುಂದೆ ಮನುಷ್ಯ ಕಳೆದುಕೊಂಡ ಆತ್ಮವಿಶ್ವಾಸದ ಬಗ್ಗೆ ಒಂದು ಪುಟ್ಟ ಉಪನ್ಯಾಸವನ್ನೂ ಕೊಟ್ಟೆ. ಹೆಂಡತಿ ಸೀರೆಗೆ ಇಸ್ತ್ರಿ ಹಾಕಿದಳು. ಅತ್ತೆಯವರು ಉಪನ್ಯಾಸಕ್ಕೆ ಗೈರುಹಾಜರಾಗಿದ್ದರು.

ಹಿಂದಿರುಗಿ ಬಂದು ಅಳೆದಾಗ ಟಬ್ಬಿನಲ್ಲಿದ್ದದ್ದು ಕಡಿಮೆಯೆನಿಸಿತು. ವಿಡಿಯೋದವನಿಗೆ ಸಿಕ್ಕಿದ್ದರ ಅರ್ಧವೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಉಳಿದದ್ದು ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ನಾನು ಸಾಹಿತ್ಯ ಓದಿದವನು. ಇಲ್ಲದ್ದಕ್ಕೂ ಅರ್ಥ ಹಚ್ಚುವುದರಲ್ಲಿ ತರಬೇತಿ ಪಡೆದವನು. ಕಾರು ಬಿಕ್ಕಳಿಸುತ್ತಿದ್ದದ್ದೇಕೆ? ಕುಡಿದದ್ದು ಕಡಿಮೆಯಾಗಿ ಅಲ್ಲ, ಹಳಸಿದ್ದನ್ನು ಕುಡಿದಿದ್ದರಿಂದ; ನಮ್ಮ ಕಾರು ಸ್ವಭಾವತಃ ಮಿತಾಹಾರಿ, ಅದರ ಮಿತವನ್ನು ನಾವು ಗೌರವಿಸಬೇಕು ಎಂದೆಲ್ಲ ವ್ಯಾಖ್ಯಾನಿಸಿಕೊಂಡು, ಉದ್ದ ಕೊಳವೆಯ ಲಾಳಿಕೆಯಲ್ಲಿ ಹೊಸ ಎಣ್ಣೆಯನ್ನು ಹಳೆಯದರಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತುಂಬಿದೆ. ಸೂತ್ರ ಸೂತ್ರವೇ.

"ಇಷ್ಟೊಂದು ಉಳೀತಲ್ರೀ?" ಹೆಂಡತಿ ಹೊಸ ಡಬ್ಬವನ್ನು ಅಲ್ಲಾಡಿಸಿ ಕೇಳಿದಳು.

"ಉಳಿತಾಯ ಅನ್ನು."

"ಹಾಗಾದ್ರೆ ಒಂದು ಸುತ್ತು ಹೋಗಿ ಬರ್ತೀನಿ."

ಆ ಕ್ಷಣದಲ್ಲಿ ನನ್ನೊಳಗೆ ಏನೋ ಸಣ್ಣಗೆ ಅಳುಕಿತು. "ಈಗ ಬೇಡ. ಹೊಸ ಎಣ್ಣೆ ಒಂದು ರಾತ್ರಿ ಕೂತ್ಕೋಬೇಕು" ಎಂದೆ. ಹೀಗೊಂದು ನಿಯಮ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ನನ್ನ ದನಿಯ ಗಾಂಭೀರ್ಯದಿಂದಷ್ಟೇ ಅದು ಅಂದು ಜಾರಿಗೆ ಬಂತು.

ಸೋಮವಾರ ಬೆಳಗ್ಗೆ ಇಸ್ತ್ರಿಯ ಸೀರೆಯುಟ್ಟು, ಹೊಸ ಚೀಲ ಹಿಡಿದು ಹೆಂಡತಿ ಹೊರಬಂದಳು. ನಾನು ಗೇಟು ತೆರೆದೆ. ಅದು ತುಟಿಪಿಟಕ್ಕೆನ್ನದೆ ತೆರೆದುಕೊಂಡಿತು. ಘಳಿಗೆಯ ಮಹತ್ವಕ್ಕೆ ಕಬ್ಬಿಣವೂ ಮಣಿಯಿತೆಂದು ನಾನು ಭಾವುಕನಾದೆ. ಕಾರು ಹಿಂದಕ್ಕೆ ಸರಿದು ಸರಾಗವಾಗಿ ಬೀದಿಗಿಳಿಯಿತು. ಹೆಂಡತಿ ಗೇರಿನ ಹಿಡಿಯನ್ನು ಮುಂದಕ್ಕೆ ಹೋಗುವ ಜಾಗಕ್ಕೆ ತಂದು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ನು ಅಬ್ಬರಿಸಿತು. ಕಾರು ಕದಲಲಿಲ್ಲ. ಮತ್ತೆ ಒತ್ತಿದಳು. ಮತ್ತಷ್ಟು ಅಬ್ಬರ. ಹಿಂದಕ್ಕೆ ಹಾಕಿದರೆ ಸಾಕು, ಕರೆದಂತೆ ಬರುತ್ತಿತ್ತು.

"ಕೂತ್ಕೊಂಡಿದೆ" ಎಂದಳು ಹೆಂಡತಿ ಗಾಜು ಇಳಿಸಿ. "ನಿಮ್ಮ ಎಣ್ಣೆ ಚೆನ್ನಾಗಿ ಕೂತ್ಕೊಂಡಿದೆ."

ಬಾಡಿಗೆ ಕಾರಿನವನು ಜಲಾಶಯವೆಂದು ಕೇಳಿದೊಡನೆ ಫೋನ್ ಇಟ್ಟ. ಗ್ಯಾರೇಜಿನವರು ಕೆಟ್ಟ ಗಾಡಿ ಎಳೆಯುವ ಲಾರಿ ಕಳಿಸಲು ಒಪ್ಪಿದರು. ಆದರೆ ಅದು ನಮ್ಮ ಇಕ್ಕಟ್ಟು ಬೀದಿಯೊಳಗೆ ಬಾರದು, ಕಾರನ್ನು ದೊಡ್ಡ ರಸ್ತೆಯ ಮೂಲೆಗೆ ತರಬೇಕು. ತರುವುದು ಹೇಗೆ? ಅದಕ್ಕೆ ಗೊತ್ತಿದ್ದ ಒಂದೇ ದಿಕ್ಕಿನಲ್ಲಿ. ಎರಡೂ ಬದಿಗೆ ಸ್ಕೂಟರುಗಳು ನಿಂತಿದ್ದವು. "ಹಿಂದೆ ನೋಡೋಕೆ ನಾನಿದೀನಿ" ಎಂದು ಅತ್ತೆಯವರು ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಕುಳಿತರು. ನಾನು ಕಾರಿನ ಮುಂದೆ ನಿಂತು, ಕೈಯೆತ್ತಿ ನಿಧಾನ ನಿಧಾನವೆಂದು ಸನ್ನೆ ಮಾಡುತ್ತಾ ಹೊರಟೆ. (ಬೀದಿಯವರು ಗೋಗರೆಯುವುದೆಂದು ಓದಿಕೊಂಡದ್ದು ಇದನ್ನೇ.)

"ಎಡಕ್ಕೆ ತಗೋ" ಎನ್ನುತ್ತಿದ್ದರು ಅತ್ತೆ.

"ಯಾರ ಎಡ ಅಮ್ಮಾ?"

"ನನ್ನ ಎಡ."

"ನೀನು ತಿರುಗಿ ಕೂತಿದೀಯಲ್ಲ."

"ನಾನು ಹೋಗೋ ಕಡೆಗೇ ಕೂತಿದೀನಿ. ತಿರುಗಿ ಕೂತಿರೋಳು ನೀನು."

ಮೂಲೆ ತಲುಪಿದಾಗ ಲಾರಿ ಬಂದಿತ್ತು. ಅದರ ಚಾಲಕ ಆಕಳಿಸುತ್ತಾ ಇಳಿದು, "ಏನ್ ಮಾಡಿದ್ರಿ ಗಾಡಿಗೆ?" ಎಂದು ಕೇಳಿದ. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದೆ, ತೆಗೆದಷ್ಟೇ ತುಂಬಿದೆ, ಸೂತ್ರ ಮೀರಿಲ್ಲ ಎಂದು ವಿವರಿಸಿದೆ. ಅವನು ನನ್ನ ಮಾತು ಮುಗಿಯುವ ಮೊದಲೇ ಸರಪಳಿ ಹುಡುಕಲು ಹೋದ. ಕೇಳಿಸಿಕೊಂಡವಳು ಹೆಂಡತಿ.

"ರೀ, ಸ್ಯಾಂಪಲ್ ಬಿಟ್ಟು ಎದ್ದು ಹೋಗಿದ್ರಾ?"

"ಯಾವ ಸ್ಯಾಂಪಲ್?"

"ಟಬ್ಬಲ್ಲಿದ್ದ ಎಣ್ಣೆ. ಟೀ ಕುಡಿಯೋಕೆ ಬಂದ್ರಲ್ಲ, ಅಷ್ಟರೊಳಗೆ ಅಳೆದಾಗಿತ್ತಾ?"

"ಇಲ್ಲ. ಬಂದ್ಮೇಲೆ ಅಳೆದೆ."

ಅವಳು ನನ್ನನ್ನು ಬಿಟ್ಟು ಹಿಂದಿನ ಸೀಟಿನ ಕಡೆ ತಿರುಗಿದಳು. ಅತ್ತೆಯವರು ಆಕಾಶದ ಕಡೆ ನೋಡುತ್ತಿದ್ದರು.

"ಅಮ್ಮಾ."

"ಏನೀಗ? ನಾಲ್ಕು ಹನಿ ಗೇಟಿಗೆ ಬಿಟ್ಟೆ. ದಿನಾ ಅದರ ಗೋಳು ಕೇಳಿ ಸಾಕಾಗಿತ್ತು."

"ನಾಲ್ಕು ಹನಿಗೆ ಕಾರು ನಿಲ್ಲಲ್ಲ."

"ಪಕ್ಕದ ಮನೆ ದರ್ಜಿ ಪಾಪ ಗೋಡೆ ಮೇಲಿಂದ ನೋಡಿ ಕತ್ತರಿಗೆ, ಶಟರ್ಸಿಗೆ ಅಂತ ಕೇಳ್ದ. ಅವನಿಗೊಂದು ಬಾಟ್ಲಿ. ಇನ್ನೆರಡು ಬಾಟ್ಲಿ ಮುಂದಕ್ಕಿರಲಿ ಅಂತ ಎತ್ತಿಟ್ಟೆ. ಕೆಲಸಕ್ಕೆ ಬರಲ್ಲ ಅಂತ ಅಳಿಯಂದಿರೇ ಅಂದ್ರು. ನೋಡಿದ್ರೆ ಚೆನ್ನಾಗೇ ಬಂತಪ್ಪ."

ಹೆಂಡತಿ ಗಡಿಯಾರ ನೋಡಿದಳು, ಸೀರೆಯ ನೆರಿಗೆ ಎತ್ತಿ ಹಿಡಿದು ಲಾರಿಯ ಮುಂಭಾಗಕ್ಕೆ ಹತ್ತಿ ಕುಳಿತಳು. "ಮೊದಲು ಜಲಾಶಯ. ಆಮೇಲೆ ಗ್ಯಾರೇಜು" ಎಂದು ಚಾಲಕನಿಗೆ ಹೇಳಿದಳು. ಅವನ ಆಕಳಿಕೆ ಅರ್ಧಕ್ಕೆ ನಿಂತಿತು. ನಮ್ಮ ಕಾರು ಅದರ ಹಿಂದೆ ಮೂತಿಯೆತ್ತಿಕೊಂಡು ಹೋಯಿತು. ಅತ್ತೆಯವರೂ ನಾನೂ ನಡೆದು ಮನೆಗೆ ಬಂದೆವು.

ಮುಂದಿನದು ಹೆಂಡತಿ ಹೇಳಿದ್ದು. ಹಂಗಾಮಿ ಮಹಾನುಭಾವ ತನ್ನ ಕಾರನ್ನು ಮುಖ್ಯಸ್ಥರಿಗೆಂದು ಮೀಸಲಿಟ್ಟ ಜಾಗದಲ್ಲಿ ನಿಲ್ಲಿಸಿ, ಒಳಗೆ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತು ಹತ್ತು ಗಂಟೆಯಾಗುವುದನ್ನೇ ಕಾಯುತ್ತಿದ್ದನಂತೆ. ಕಿಟಕಿಯಿಂದ ನೋಡುತ್ತಾನೆ, ಹೊಸ ಅಧಿಕಾರಿಣಿ ಒಂದು ಕಾರನ್ನು ಆಗಲೇ ನೇತುಹಾಕಿಕೊಂಡು, ಎಳೆಯುವ ಲಾರಿಯಲ್ಲೇ ಬಂದಿಳಿಯುತ್ತಿದ್ದಾಳೆ. ತನ್ನ ಕಾರಿನ ಸರದಿ ಬಂತೆಂದು ಬೀಗದಕೈ ಹಿಡಿದು ಹೊರಗೋಡಿದ. ಅವನು ಕಾರು ತೆಗೆದು ನಿಲ್ಲಿಸಲು ಬೇರೆ ಜಾಗ ಹುಡುಕಿ ಬರುವಷ್ಟರಲ್ಲಿ ನನ್ನವಳು ಸಹಿ ಮಾಡಿ ಅದೇ ಕುರ್ಚಿಯಲ್ಲಿ ಕುಳಿತಿದ್ದಳು. ಅಲ್ಲಿ ಈಗ ಯಾರೂ ವಾಹನವನ್ನು ಗೆರೆ ದಾಟಿ ನಿಲ್ಲಿಸುವುದಿಲ್ಲ.

ಇದರಲ್ಲಿ ನನ್ನ ಪಾತ್ರವೂ ಇದೆಯಲ್ಲವೇ ಎಂದು ಸೂಚಿಸಿ ನೋಡಿದೆ. ಅವಳು ಬಚ್ಚಲುಮನೆಯ ನಲ್ಲಿಯ ಕಡೆ ಕೈ ತೋರಿಸಿದಳು.

ಸದ್ಯದ ಸ್ಥಿತಿ ಹೀಗಿದೆ. ಗ್ಯಾರೇಜಿನಲ್ಲಿ ಎಣ್ಣೆ ಸರಿಯಾಗಿ ತುಂಬಿಸಿಕೊಂಡ ಮೇಲೆ ಕಾರು ಎರಡೂ ದಿಕ್ಕಿಗೆ ಚಲಿಸುತ್ತಿದೆ. ಹೆಂಡತಿ ಮುಖ್ಯಸ್ಥೆಯಾಗಿ ಮುಂದುವರಿದಿದ್ದಾಳೆ. ದರ್ಜಿಯ ಶಟರ್ಸು ಬೆರಳಿನಲ್ಲಿ ಎತ್ತಿದರೆ ಮೇಲೇರುತ್ತದೆ. ಮೊನ್ನೆ ಮಧ್ಯಾಹ್ನ ಎಚ್ಚರವಾದಾಗ ಹೆಂಡತಿ ಎದುರು ಕುರ್ಚಿಯಲ್ಲಿ ಕುಳಿತಿದ್ದಳು. ಟೀ ಕುಡಿದು ಮುಗಿಸಿದ್ದಳು. ನನ್ನ ಕೆನ್ನೆಯ ಕೆಳಗಿದ್ದ ಹಾಳೆಯಲ್ಲಿ, ಒದ್ದೆಯಾಗದೆ ಉಳಿದಿದ್ದ ಭಾಗವನ್ನು, ನನ್ನದೇ ಕೆಂಪು ಪೆನ್ನಿನಿಂದ ತಿದ್ದಿಯೂ ಆಗಿತ್ತು. ನಾನು ಗೇಟಿನ ಕಡೆ ನೋಡಿದೆ. ಅತ್ತೆಯವರ ಕಪಾಟಿನಲ್ಲಿ ಇನ್ನೂ ಎರಡು ಬಾಟಲಿ ಎಣ್ಣೆಯಿದೆ.