ಸೋಬಿರನ ಎಡಗಣ್ಣು

ಬೀಗರು ಬರುವ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಎರ್ಗಾಶ್ ಬಂದು ಸೋಬಿರನ ಕನ್ನಡಕದ ಮೇಲೆ ಕೂತುಬಿಟ್ಟ.

ಎರ್ಗಾಶ್ ಕ್ಷೌರಿಕ. ಮರ್ಗಿಲಾನ್ ಊರಿನ ಆ ಮೊಹಲ್ಲಾದ ಗಂಡಸರ ತಲೆಯೆಲ್ಲ ಅವನ ಕೈಯಲ್ಲಿ. ಅವನ ತಲೆ ಮಾತ್ರ ತೊಳೆದು ಬೋರಲು ಹಾಕಿದ ಬೋಗುಣಿ. ಹೆಣ್ಣಿನ ತಂದೆಯಾದ ಸೋಬಿರನ ಗಡ್ಡ ಚೊಕ್ಕ ಮಾಡಲು ಬಂದವನು ಧಪ್ಪನೆ ಕೂತ, ಕೆಳಗೆ ಕಟಕ್ ಎಂದಿತು.

ಅದು ದಪ್ಪನೆಯ ಕಂದು ಗಾಜಿನ ಕನ್ನಡಕ. ರೇಷ್ಮೆ ಮಗ್ಗದ ಮುಂದೆ ಕೂತು ಸೋಬಿರನ ಕಣ್ಣು ಸೋತಿತ್ತು. ಎಡಗಣ್ಣಿನೊಳಗೆ ಒತ್ತಡ ಏರಿದೆ, ಔಷಧಿಯ ಹನಿ ಹಾಕದಿದ್ದರೆ ದೃಷ್ಟಿಯೇ ಹೋಗುತ್ತದೆ ಎಂದು ಹೋದ ಚಳಿಗಾಲದಲ್ಲಿ ಆಸ್ಪತ್ರೆಯವರು ಪುಟ್ಟ ಸೀಸೆಯೊಂದನ್ನು ಕೊಟ್ಟಿದ್ದರು. ಅಂದಿನಿಂದ ಅವನು ಮಲಗುವ ಮುಂಚೆ ಎಡಗಣ್ಣಿಗೆ ಒಂದು ಹನಿ ತಪ್ಪಿಸಿದವನಲ್ಲ.

ಎರ್ಗಾಶ್ ಅವನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ಎತ್ತಿದ. ಎತ್ತಿದವನು ಕತ್ತರಿ ಕೆಳಗಿಟ್ಟ.

"ಸೋಬಿರಣ್ಣ, ನಿನ್ನ ಕಣ್ಣು ಹಸಿರಲ್ವಾ?"

"ಹುಟ್ಟಿದಾಗಿಂದ."

"ಬಲಗಣ್ಣು ಈಗ್ಲೂ ಹಸಿರೇ. ಎಡಗಣ್ಣು ಚಾ ಬಣ್ಣಕ್ಕೆ ತಿರುಗಿದೆ."

ಬಣ್ಣವೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಎಡಗಣ್ಣಿನ ರೆಪ್ಪೆಗೂದಲು ಒಂಟೆಯದರಂತೆ ಉದ್ದವಾಗಿ, ಕಪ್ಪಾಗಿ, ತುದಿ ಬಾಗಿ ಬೆಳೆದಿತ್ತು. ಕಣ್ಣು ಮಿಟುಕಿಸಿದರೆ ಬೀಸಣಿಗೆ ಬೀಸಿದಂತೆ. ಎರ್ಗಾಶ್ ಹಬ್ಬದ ಚಂದ್ರನನ್ನು ಕಂಡವನ ಹಾಗೆ ಬಾಯಿ ಬಿಟ್ಟುಕೊಂಡು ನಿಂತ.

ಹೆಂಡತಿ ಖೋಸಿಯತ್ ಓಡಿಬಂದಳು. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನ ಮುಖವನ್ನು ಯಾವ ಹೆಂಗಸು ಬೆಳಕಿಗೆ ಹಿಡಿದು ನೋಡುತ್ತಾಳೆ? ಈಗ ನೋಡಿದಳು. ಅವಳ ಗುಮಾನಿ ನೇರವಾಗಿ ಉಸ್ಮಾ ಬಟ್ಟಲಿಗೆ ಹೋಯಿತು. ಅಲ್ಲಿಯ ಹೆಂಗಸರು ಉಸ್ಮಾ ಸೊಪ್ಪನ್ನು ಹಿಂಡಿ, ಆ ರಸವನ್ನು ಹುಬ್ಬಿಗೂ ರೆಪ್ಪೆಗೂ ಹಚ್ಚಿಕೊಳ್ಳುವುದು ಕೂದಲು ಕಪ್ಪಾಗಿ ಬೆಳೆಯಲೆಂದೇ.

"ನನ್ನ ರಸ ಯಾಕೆ ಬೇಗ ಮುಗೀತಿತ್ತು ಅಂತ ಈಗ ಗೊತ್ತಾಯ್ತು," ಎಂದಳು. "ಈ ವಯಸ್ಸಲ್ಲಿ ಯಾರಿಗೋಸ್ಕರ? ಅದೂ ಒಂದೇ ಕಣ್ಣಿಗೆ?"

ಸೋಬಿರ್ ನಾನ್ ರೊಟ್ಟಿಯ ಮೇಲೆ ಆಣೆ ಇಟ್ಟ. ಆಗ ಅವಳಿಗೆ ಸಿಟ್ಟು ಇಳಿದು ಭಯ ಏರಿತು. ಎರಡು ಬಣ್ಣದ ಕಣ್ಣು ಕೆಟ್ಟ ಕಣ್ಣು ಎಂಬುದು ಮೊಹಲ್ಲಾದ ಮಕ್ಕಳಿಗೂ ಗೊತ್ತು. ವರನ ಅಜ್ಜಿ ರಿಸೊಲತ್ ದೃಷ್ಟಿಗೆ ಹೆದರಿ ಕೋಳಿಮರಿಗೂ ಮಣಿ ಕಟ್ಟುವವಳು. ಇವತ್ತು ಅವಳು ಕೈಯಾರೆ ನಾನ್ ಮುರಿದರೆ ಮಗಳು ಓಯ್ದಿನಳ ಸಂಬಂಧ ಗಟ್ಟಿ, ಮುರಿಯದಿದ್ದರೆ ಇಲ್ಲ. ಹುಡುಗಿಯೋ ಆ ಹುಡುಗನ ಹೆಸರು ಕೇಳಿದರೇ ಚಾ ಚೆಲ್ಲುವಷ್ಟು ಮೆಚ್ಚಿದ್ದಳು.

ಎರ್ಗಾಶ್ ರೆಪ್ಪೆ ಕತ್ತರಿಸುತ್ತೇನೆಂದ. ಕಣ್ಣಿನ ಹತ್ತಿರ ಕತ್ತರಿ ಬಂದದ್ದೇ ಸೋಬಿರ್ ಹೌಹಾರಿ ದ್ರಾಕ್ಷಿ ಚಪ್ಪರದ ಕಂಬಕ್ಕೆ ಹಣೆ ಬಡಿಸಿಕೊಂಡ. ಒಂದನ್ನು ಕಡಿಮೆ ಮಾಡಲಾಗದಿದ್ದರೆ ಇನ್ನೊಂದನ್ನು ಹೆಚ್ಚಿಸೋಣ ಎಂದು ಖೋಸಿಯತ್ ಅವನ ಬಲರೆಪ್ಪೆಗೆ ಉಸ್ಮಾ ಬಳಿದಳು. ಕೈ ಅಭ್ಯಾಸಬಲದಿಂದ ಹುಬ್ಬಿಗೂ ಹೋಯಿತು. ಹೆಣ್ಣಿನ ತಂದೆ ಹಣೆಯಲ್ಲಿ ಬುಗುಟೆ ಎದ್ದ ಮದುವಣಗಿತ್ತಿಯಂತೆ ಕಂಡ.

ಬೀಗರು ಬಂದರು. ಸೋಬಿರ್ ಪಲಾವಿನ ಕೊಪ್ಪರಿಗೆಯ ಹಬೆಯಲ್ಲಿ ಅಡಗಿ, ಸೌಟು ತಿರುವುತ್ತ, ಸಲಾಮನ್ನೂ ಬೆನ್ನು ತೋರಿಸಿಯೇ ಹೇಳಿದ. ಆದರೆ ಹಬೆಗೆ ಉಸ್ಮಾ ಕರಗಿ ಹಸಿರು ಹನಿ ಕೆನ್ನೆಗುಂಟ ಇಳಿಯಿತು. ಕೊಪ್ಪರಿಗೆಯನ್ನು ಹರಸಲು ಬಂದ ರಿಸೊಲತ್ ಅಜ್ಜಿ ಹಸಿರು ಕಣ್ಣೀರು ಸುರಿಸುವ ಬೀಗನನ್ನು ಕಂಡು, ಅವನನ್ನು ತನ್ನತ್ತ ತಿರುಗಿಸಿಕೊಂಡಳು.

ಬಹಳ ಹೊತ್ತು ನೋಡಿದಳು. ಹಿಂದೆ ಬಂದ ಹೆಂಗಸರೂ ನೋಡಿದರು.

ಮೊದಲು ಮಾತಾಡಿದವಳು ಅಜ್ಜಿಯ ಕಿರಿಸೊಸೆ, ಡಾಕ್ಟರ್ ಮಲೋಹತ್. "ಮಾವಾ, ಈ ಕಣ್ಣಿಗೆ ಏನಾದ್ರೂ ಹನಿ ಬಿಡ್ತೀರಾ?"

ಸೋಬಿರ್ ಸೀಸೆಯ ವಿಷಯ ಹೇಳಿದ. ಆಕೆಯ ಮುಖ ಅರಳಿತು. ಒತ್ತಡ ಇಳಿಸುವ ಕೆಲವು ಹನಿಗಳಿಗೆ ಈ ಗುಣವಿದೆ, ರೆಪ್ಪೆ ಬೆಳೆಯುತ್ತದೆ, ತಿಳಿಗಣ್ಣು ಕಂದಾಗುತ್ತದೆ ಎಂದು ವಿವರಿಸಿದಳು. ರೆಪ್ಪೆ ಔಷಧಿ ನಿಂತರೆ ಉದುರೀತು, ಬಣ್ಣ ಮಾತ್ರ ಹಿಂದಕ್ಕೆ ಬಾರದು. ಓದಿದ್ದಳು, ಇಷ್ಟು ಸೊಗಸಾಗಿ ಕಂಡಿರಲಿಲ್ಲ. ಒಂದೇ ಮುಖದಲ್ಲಿ ಔಷಧಿ ಬಿದ್ದ ಕಣ್ಣೂ ಬೀಳದ ಕಣ್ಣೂ ಅಕ್ಕಪಕ್ಕ.

"ಒಂದು ಹನಿ ನೀರು ಏನೆಲ್ಲ ಮಾಡತ್ತೆ ನೋಡಿ," ಎಂದು ಮೆಲ್ಲಗೆ ಹೇಳಿದಳು. ಸೋಬಿರನಿಗೆ ತನ್ನ ಕಣ್ಣಿನ ಮೇಲೆ ತನಗೇ ಭಕ್ತಿ ಹುಟ್ಟಿತು.

ಆದರೆ ಸೊಸೆಯ ಮಾತನ್ನು ಅತ್ತೆ ನಂಬಿದ್ದು ಯಾವ ಊರಲ್ಲಿ?

"ಕೂದಲು ಬೆಳೆಸೋ ನೀರಂತೆ," ಎಂದಳು ರಿಸೊಲತ್. "ಎಲ್ಲಿದೆ ಆ ಸೀಸೆ? ನನ್ನ ಕಣ್ಣಿಗೆ ತೋರಿಸಿ, ಆಮೇಲೆ ನಾನ್ ಮುರೀತೀನಿ."

ಸೋಬಿರ್ ಗೆದ್ದವನ ನಡಿಗೆಯಲ್ಲಿ ಒಳಗೆ ಹೋದ. ಗೋಡೆಯ ಗೂಡಿನಲ್ಲಿ ಸೀಸೆ ಇರಲಿಲ್ಲ. ಹಾಸು ಮಗುಚಿದ, ಪೆಟ್ಟಿಗೆ ತಡಕಿದ, ಖೋಸಿಯತ್‌ಳ ಉಸ್ಮಾ ಬಟ್ಟಲಿಗೂ ಕೈ ಹಾಕಿದ. ಬೆವರುತ್ತ ಹೊರಬಂದರೆ ಎಲ್ಲರೂ ಎರ್ಗಾಶನನ್ನೇ ನೋಡುತ್ತಿದ್ದರು. ಅವನು ಬಾಗಿಲ ಸಂದಿಯಲ್ಲಿ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಬೋಳುತಲೆ ಒದ್ದೆಯಾಗಿ ಫಳಫಳ ಹೊಳೆಯುತ್ತಿತ್ತು. ಕೈಯಲ್ಲಿ ಖಾಲಿ ಸೀಸೆ.

"ಡಾಕ್ಟರಮ್ಮ ಕೂದಲು ಬೆಳೆಯತ್ತೆ ಅಂದ್ರು," ಎಂದ. "ನಾನೂ ಮನುಷ್ಯನೇ ಅಲ್ವಾ?"

ಡಾಕ್ಟರ್ ತಲೆಯ ಮೇಲೆ ಕೈ ಹೊತ್ತಳು. ಮರುದಿನ ಮುಂಜಾನೆಯೇ ಬೇರೆ ಸೀಸೆ ತರಿಸುತ್ತೇನೆ, ಕಣ್ಣಿಗೆ ಹನಿ ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ ಎಂದು ಸೋಬಿರನಿಗೆ ಪಿಸುಗುಟ್ಟಿದಳು. ರಿಸೊಲತ್ ಅಜ್ಜಿ ಎರ್ಗಾಶನ ತಲೆಯನ್ನು ಒಂದು ಸುತ್ತು ಬಂದು ಪರೀಕ್ಷಿಸಿದಳು. ಆಮೇಲೆ ಮುರಿಯಲೆಂದು ತಂದಿದ್ದ ನಾನ್ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿದಳು.

"ಸರಿ. ಈ ತಲೇಲಿ ಕೂದಲು ಬಂದ್ರೆ ಅದು ಔಷಧಿ, ಬರದಿದ್ರೆ ಅದು ಕೆಟ್ಟ ಕಣ್ಣು. ಬಂದ ದಿನ ಹೇಳಿ ಕಳಿಸಿ, ಆವತ್ತೇ ನಾನ್ ಮುರಿಯೋಣ."

"ಅತ್ತೆ, ಅದು ರೆಪ್ಪೆಗೆ ಬರೋದು, ಬುರುಡೆಗಲ್ಲ."

"ನೀನು ಸುಮ್ಮನಿರು. ಕೂದಲು ಕೂದಲೇ."

ಬೀಗರು ಹೋದರು. ಒಳಗೆ ಓಯ್ದಿನ್ ಬಿಕ್ಕುವುದು ಕೇಳುತ್ತಿತ್ತು. ನಾಚಿಕೆಯಾಗಿ ಎರ್ಗಾಶ್ ಟೋಪಿಯನ್ನು ತಲೆಗೆ ಏರಿಸಹೊರಟ. ಸೋಬಿರ್ ಲಪಕ್ಕನೆ ಅವನ ಕೈ ಹಿಡಿದ. ಕನ್ನಡಕವಿಲ್ಲದ ಕಣ್ಣನ್ನು ಆ ಬೋಳುತಲೆಗೆ ತಾಗುವಷ್ಟು ಹತ್ತಿರ ತಂದು, ಬಿತ್ತಿದ ಹೊಲ ನೋಡುವವನಂತೆ ಉದ್ದಗಲ ನೋಡಿದ.

"ಟೋಪಿ ಹಾಕ್ಬೇಡ ಮಾರಾಯ," ಎಂದ. "ಬಿಸಿಲು ಬೀಳ್ಲಿ."